ತುತ್ತಿಗೊಂದು ಹಾಡಿನ ವಿಡಿಯೊ

ನನ್ನ ತಲೆ ಕೊರೆಯುತ್ತಿದ್ದ ಚಿಂತೆ ಒಂದೇ: ಎರಡು ವರ್ಷದ ನನ್ನ ಮಗಳು ಹಾಡಿನ ವಿಡಿಯೊ ಹಾಕದಿದ್ದರೆ ಊಟಕ್ಕೆ ಬಾಯಿಯನ್ನೇ ತೆರೆಯುವುದಿಲ್ಲ! ವಿಡಿಯೊ ನಿಂತರೆ ತುತ್ತು ಕೆನ್ನೆಯಲ್ಲೇ ಠೇವಣಿ. ಹೀಗೇ ಬಿಟ್ಟರೆ ಇವಳ ಮದುವೆಯ ಊಟಕ್ಕೂ ನಾನೇ ಮೊಬೈಲ್ ಹಿಡಿದು ಕೂರಬೇಕಾದೀತು!

"ಈ ಚಟ ಬಿಡಿಸ್ತೀನಿ, ನೋಡ್ತಾ ಇರಿ! ವೈಜ್ಞಾನಿಕವಾಗಿ!" ಎಂದು ನನ್ನವರ ಮುಂದೆ ಘೋಷಿಸಿದೆ. ಅಮ್ಮ ಫೋನಿನಲ್ಲಿ ಏನೋ ಹೇಳಲು ಬಂದಾಗ, "ನಿಮ್ಮ ಕಾಲದ ಉಪಾಯ ಬೇಡಮ್ಮ" ಎಂದುಬಿಟ್ಟೆ.

ನನ್ನವರು ವಿಡಿಯೊ ಎಡಿಟರ್. ಅವರ ಪ್ರಕಾರ, ಹಾಡಿನ ವಿಡಿಯೊಗಳ ಆದಿಯುಗದಲ್ಲಿ ಗಾಯಕ ಮೈಕಿನ ಮುಂದೆ ಕಂಬದಂತೆ ನಿಂತು ಹಾಡುತ್ತಿದ್ದ. ಆಮೇಲೆ ಗಾಳಿ ಬಂತು, ಕೂದಲು ಹಾರಿತು. ಆಮೇಲೆ ಹೊಗೆ. ಈಗಂತೂ ರೆಪ್ಪೆ ಬಡಿಯುವಷ್ಟರಲ್ಲಿ ನಾಲ್ಕು ದೃಶ್ಯ! ಸರಿ, ಮಗಳನ್ನು ಈ ಚರಿತ್ರೆಯಲ್ಲಿ ಯುಗಯುಗವಾಗಿ ಹಿಂದಕ್ಕೆ ನಡೆಸಿ, ಕಂಬದ ಗಾಯಕನ ಹತ್ತಿರ ತಂದು, ಮೊಬೈಲನ್ನೇ ಆರಿಸಿಬಿಡುವುದು. ಎಂಥ ಮಹಾಯೋಜನೆ!

ದಿನಕ್ಕೊಂದು ಯುಗದ ವಿಡಿಯೊ ಹಾಕುತ್ತ ಹಿಂದಕ್ಕೆ ಬಂದೆವು. ಆಶ್ಚರ್ಯವೆಂದರೆ, ಕಂಬದ ಗಾಯಕನಿಗೂ ಅವಳು ಬಾಯಿ ತೆರೆದಳು. ಮರುದಿನ ಮೊಬೈಲ್ ಆರಿಸಿ, ಸೌಟನ್ನೇ ಮೈಕ್ ಮಾಡಿಕೊಂಡು ನಾನೇ ನಿಂತು ಹಾಡಿದೆ. ಒಂದು ತುತ್ತು ಒಳಗೆ! ವಿಜಯದುಂದುಭಿ ಮೊಳಗುವಷ್ಟರಲ್ಲಿ ಮಗಳು ಬಾಯಿ ಬಿಗಿದು ನನ್ನ ಕೂದಲಿನತ್ತ ಬೆರಳು ತೋರಿಸಿದಳು.

"ಗಾಳಿ!"

ಹಿಂದಕ್ಕೆ ನಡೆದಿದ್ದ ಚರಿತ್ರೆ ಈಗ ಮುಂದಕ್ಕೆ ಓಡತೊಡಗಿತ್ತು! ನನ್ನವರು ಟೇಬಲ್ ಫ್ಯಾನ್ ತಂದಿಟ್ಟರು. ನನ್ನ ಕೂದಲು ಹಾರಿ ನನ್ನದೇ ಬಾಯಿಗೆ ಬಂತು.

"ಹೊಗೆ!"

"ಪೌಡರ್ ಇದೆಯಲ್ಲ" ಎಂದು ಅವರು ಇಡೀ ಡಬ್ಬಿಯನ್ನು ಫ್ಯಾನಿನ ಮುಂದೆ ಕೊಡವಿದರು.

"ರೀ, ಸಾಕು!"

"ಹಾಡು ನಿಲ್ಲಿಸ್ಬೇಡ ಮಾರಾಯ್ತಿ, ಬಾಯಿ ತೆಗೀತಿದ್ದಾಳೆ!"

ತೆಗೆದಳು. ಸೀನಿದಳು. ಬಾಯಲ್ಲಿದ್ದುದೆಲ್ಲ ನನ್ನ ಮುಖಕ್ಕೆ, ಪೌಡರೆಲ್ಲ ಊಟದ ಬಟ್ಟಲಿಗೆ.

"ಇನ್ನೊಂದ್ಸಲ!" ಎಂದು ಮಗಳು ಚಪ್ಪಾಳೆ ತಟ್ಟಿದಳು. ಹೊಟ್ಟೆ ಮಾತ್ರ ಖಾಲಿ.

"ನಾಳೆ ಡಾಕ್ಟರು ತೂಕ ನೋಡ್ತಾರೆ ರೀ..." ನನಗೆ ಅಳುವೇ ಬಂತು.

"ಲೈಟ್ ಹಾಕಿ ಆರಿಸಿ ಮಾಡಿದ್ರೆ ಇವತ್ತಿನ ಕಾಲದ ಎಫೆಕ್ಟೂ ಬರುತ್ತೆ..."

ನಾನು ನೋಡಿದ ನೋಟಕ್ಕೆ ಅವರೇ ಫ್ಯಾನ್ ಆರಿಸಿದರು. ಬಿಳಿ ಮುಖ ಹೊತ್ತು, ಬಿಗುಮಾನ ಬದಿಗಿಟ್ಟು, ಕೊನೆಗೂ ಫೋನ್ ಮಾಡಿದೆ.

"ಅಮ್ಮಾ, ನನಗೆ ಹೇಗಮ್ಮ ಉಣಿಸ್ತಿದ್ದೆ?"

"ನಿನಗಾ? ಟಿವಿಯಲ್ಲಿ ಹಾಡು ಬಂದ್ರೆ ಮಾತ್ರ ಬಾಯಿ ತೆಗೀತಿದ್ದೆ. ಅದೋ, ವಾರಕ್ಕೊಂದ್ಸಲ ಬರೋದು."

"ಮಿಕ್ಕ ದಿನ?"

"ಟಿವಿ ಬಂದಿದ್ದ ರಟ್ಟಿನ ಡಬ್ಬಕ್ಕೆ ಕಿಟಕಿ ಕೊರೆದು, ನಿಮ್ಮಪ್ಪ ಅದರೊಳಗೆ ತಲೆ ತೂರಿಸ್ಕೊಂಡು ಹಾಡ್ತಿದ್ರು. ಇರು, ವಿಡಿಯೊ ಕಾಲ್ ಮಾಡು. ಆಗ್ಲೇ ಡಬ್ಬ ಹುಡುಕ್ತಿದ್ದಾರೆ!"