ಬಸ್ಸಿಗೆ ಕೈ ಮುಗಿದ ಸಾಲು

ಕಾನ್ವೆಂಟಿನಲ್ಲಿ ಓದಿದವಳಿಗೆ ಸರ್ಕಾರವನ್ನು ಪ್ರಶ್ನಿಸುವುದೇನು ದೊಡ್ಡ ಮಾತೇ? ಒಂದು ಅರ್ಜಿ, ನಾಲ್ಕು ಒಳ್ಳೆಯ ಮಾತು, ಇಸ್ತ್ರಿ ಮಾಡಿದ ಸೀರೆ. ಇಷ್ಟು ಸಾಕೆಂದು ನಂಬಿದ್ದೆ.

ನಮ್ಮದು ತೆಲಂಗಾಣದಲ್ಲಿ ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ದಾರಿಯ ಹಳ್ಳಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸಿನ ಕಣ್ಣಿಗೆ ನಮ್ಮೂರು ಬೀಳುವುದೇ ಕಡಿಮೆಯಾಯಿತು. ಟಿಕೆಟ್ಟಿಗೆ ಕಾಸೂ ಇಲ್ಲ, ಹತ್ತಲು ಬಸ್ಸೂ ಇಲ್ಲ. ಸರಿಹೋಯಿತು!

ಪಕ್ಕದ ಮನೆಯ ಈರಮ್ಮನ ಮಗಳು ರೇಣುಕಾ ನಾರಾಯಣಪೇಟೆಯ ಡಿಗ್ರಿ ಕಾಲೇಜಿಗೆ ಹೋಗಬೇಕು. "ಬಸ್ ಹಿಂಗಽ ತಪ್ಪಿದ್ರ ಕಾಲೇಜ್ ಸಾಕು, ಗಂಡು ನೋಡಾಕ ಹೋಗ್ತೀನಿ" ಎಂದು ಅವಳಪ್ಪ ಹೇಳಿಬಿಟ್ಟಿದ್ದ. ಬಸ್ಸು ತಪ್ಪಿದ ದಿನ ಹುಡುಗಿ ಹೆಗಲ ಚೀಲ ಇಳಿಸದೆ ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಬಸ್ ಡಿಪೋಗೆ ಅರ್ಜಿ ಕೊಟ್ಟೆ. ಆಶ್ಚರ್ಯ, ಉತ್ತರವೂ ಬಂತು! ಸೋಮವಾರ ಸಾಹೇಬರೊಬ್ಬರು ಅದೇ ಬಸ್ಸಿನಲ್ಲಿ ಖುದ್ದಾಗಿ ಬಂದು, ನಮ್ಮಲ್ಲಿ ಎಷ್ಟು ಜನ ಹತ್ತುತ್ತಾರೆಂದು ನೋಡುವರು.

ನಮ್ಮೂರಿನವರು ಬಸ್ಸು ನಿಲ್ಲಿಸುವ ಪದ್ಧತಿ ಬೇರೆಯೇ ಇದೆ. ಹೆಂಗಸರು ನಡುರಸ್ತೆಗೆ ಇಳಿದು, ಸೆರಗು ಬೀಸಿ, ಡ್ರೈವರನ ಹಿರಿಯರನ್ನೆಲ್ಲ ಗಟ್ಟಿಯಾಗಿ ನೆನೆಯುತ್ತಾರೆ. ಆಗ ಒಮ್ಮೊಮ್ಮೆ ನಿಲ್ಲುತ್ತದೆ. ಸಾಹೇಬರೆದುರು ಇದು ಚೆಂದವೇ? ಭಾನುವಾರ ನಮ್ಮ ಅಂಗಳದಲ್ಲಿ ತರಬೇತಿ ಇಟ್ಟೆ. ಗಿಡ್ಡನೆಯವರು ಮುಂದೆ, ಎತ್ತರದವರು ಹಿಂದೆ, ರಸ್ತೆಯಿಂದ ಎರಡು ಮಾರು ದೂರ.

"ಅಕ್ಕಾರ, ರಸ್ತಾಕ ಇಳೀಲಿಲ್ಲಂದ್ರ ಅಂವ ನಿಲ್ಲಸಂಗಿಲ್ಲ ನೋಡ್ರಿ" ಎಂದಳು ಈರಮ್ಮ.

"ನಾವು ಮರ್ಯಾದಿಲೆ ನಿಂತ್ರ ಅವರೂ ಮರ್ಯಾದಿ ಕೊಡ್ತಾರ, ಈರಮ್ಮ."

"ಮರ್ಯಾದಿಗೆ ನಿಲ್ಲಾಕ ಅದೇನು ಬೀಗರ ಜೀಪೇನು?" ಎಂದರು ನನ್ನ ಗಂಡ, ಕುರ್ಚಿಯಿಂದಲೇ. ಅವರಿಗೆ ಆಡಳಿತದ ಸೂಕ್ಷ್ಮ ತಿಳಿಯದು!

ಸೋಮವಾರ ಬಸ್ಸು ಬಂತು. ಸಾಲು ಎಳೆದ ದಾರದಂತಿತ್ತು. ನನ್ನ ಸನ್ನೆಗೆ ಎಲ್ಲರೂ ಕೈ ಮುಗಿದರು. ಮುಂದಿನ ಸೀಟಿನಲ್ಲಿದ್ದ ಸಾಹೇಬರ ಮುಖ ಅರಳಿತು. ಅವರೂ ಕೈ ಮುಗಿದರು. ಬಸ್ಸು ಹೋಗೇಬಿಟ್ಟಿತು!

ಈರಮ್ಮ ಒಂದು ಕಾಲು ರಸ್ತೆಗೆ ಇಟ್ಟಿದ್ದಳು. ಸೆರಗು ಹಿಡಿದು ಹಿಂದಕ್ಕೆ ಎಳೆದವಳು ನಾನೇ.

ಮಧ್ಯಾಹ್ನ ಡಿಪೋಗೆ ಫೋನು ಮಾಡಿದೆ. ಗುಮಾಸ್ತ ತೆಲುಗು ಬೆರೆಸಿ ಹೇಳಿದ: "ಮೇಡಂ, ಸಾರ್ ಚಾಲಾ ಖುಷ್! ಹೆಣ್ಮಕ್ಕಳು ಸ್ವಾಗತ ಮಾಡಾಕ ನಿಂತಿದ್ರಂತ. ಹತ್ತೋರು ಮಾತ್ರ ಒಬ್ರೂ ಇರಲಿಲ್ಲಂತ. ಅದಕ್ಕಽ ಆ ಸ್ಟಾಪು ತೆಗೆದುಬಿಟ್ಟಾರ."

ಆ ವಾರವೇ ಗದ್ವಾಲದಿಂದ ಗಂಡಿನ ಕಡೆಯವರು ಬಂದರು. ಸ್ವಂತ ಜೀಪಿನಲ್ಲಿ! ಈರಮ್ಮ ನನ್ನನ್ನೂ ಕರೆದಿದ್ದಳು. ರೇಣುಕಾ ಚಹಾ ಕೊಟ್ಟು, ಯಾರೂ ಹೇಳದೆಯೇ ಎರಡು ಮಾರು ದೂರ ಸರಿದು, ನೆಟ್ಟಗೆ ಕೈ ಮುಗಿದು ನಿಂತಳು.

"ಎಷ್ಟು ಶಿಸ್ತಿಲೆ ನಿಂತೈತ್ರಿ ಹುಡುಗಿ! ಯಾರು ಕಲಿಸ್ಯಾರ?" ಎಂದರು ಗಂಡಿನ ತಾಯಿ.

ಈರಮ್ಮ ನನ್ನ ಕಡೆ ಕೈ ತೋರಿಸಿದಳು.

ನಾನು ಕೈ ಮುಗಿದೆ. ನನಗೆ ಬೇರೇನು ಬರುತ್ತದೆ!