ಕೋಲಿಲ್ಲದ ಮನೆಯ ನಾಯಿ

ನಾಯಿಗೆ ಹೊಡೆಯದೆ ಬುದ್ಧಿ ಕಲಿಸುತ್ತೇನೆ ಎಂದು ಒಮ್ಮೆ ಹೇಳಿ ನೋಡಿ, ನಿಮಗೆ ಬುದ್ಧಿ ಕಲಿಸಲು ಇಡೀ ಹೌಸಿಂಗ್ ಸೊಸೈಟಿ ಬಾಗಿಲಿಗೆ ಬರುತ್ತದೆ. ಐರೋಲಿಯ ನಮ್ಮ ಕಟ್ಟಡದಲ್ಲಿ ನನಗೆ ಇದು ಆಗುತ್ತಲೇ ಇರುತ್ತದೆ. ಲಿಫ್ಟಿನಲ್ಲಿ, ತರಕಾರಿ ಗಾಡಿಯ ಮುಂದೆ, ಗೇಟಿನ ಹತ್ತಿರ, ಎಲ್ಲಿ ಹೋದರೂ ಒಂದೇ ಉಪದೇಶ: ಕೋಲು ಹಿಡಿಯಿರಿ.

ನಮ್ಮ ಬೊಳ್ಳು ಸಾನಪಾಡಾ ಸ್ಟೇಷನ್ನಿನ ಹೊರಗೆ ಸಿಕ್ಕಿದ ಬಿಳಿ ಬೀದಿನಾಯಿ. ಸಾಧು ಪ್ರಾಣಿ. ಆದರೆ ಕಾಲಿಂಗ್ ಬೆಲ್ ಕೇಳಿದರೆ ಮಾತ್ರ ಮನೆಗೆ ಬೆಂಕಿ ಬಿದ್ದಂತೆ ಬೊಗಳುತ್ತಿತ್ತು. ಎಲ್ಲರೂ ಕಾಕು ಎಂದು ಕರೆಯುವ ಕೆಳಗಿನ ಮನೆಯ ಮರಾಠಿ ಹೆಂಗಸು ದೂರು ಕೊಟ್ಟರು. ದೂರಿನ ಬೆನ್ನಿಗೇ ಸೊಸೈಟಿಯ ಚೇರ್ಮನ್ ಬಂದರು. ಅವರು ಹುಬ್ಬಳ್ಳಿ ಕಡೆಯವರು.

"ವೈನಿ, ನಾಯಿ ಅಂದ್ರ ಬಡಿಗಿಗೆ ಅಂಜಬೇಕು ನೋಡ್ರಿ. ಗಣಪತಿ ಹಬ್ಬ ಮುಗೀಲಿ, ಕಮಿಟಿಯವರು ನಿಮ್ಮ ಮನಿಗೇ ಬಂದು ನೋಡ್ತೇವಿ. ಆವಾಗೂ ಬೊಗಳಿದ್ರ ಅದನ್ನ ಎಲ್ಲೆರ ಬಿಟ್ಟು ಬರ್ರಿ."

"ನಾಯಿ ಹೋಗುವುದಿಲ್ಲ ಸಾಹೇಬ್ರೆ, ಬಡಿಗೆಯೂ ಬರುವುದಿಲ್ಲ" ಎಂದೆ.

ಹೇಳುವಾಗ ಧೈರ್ಯ ಇತ್ತು. ಬಾಗಿಲು ಹಾಕಿದ ಮೇಲೆ ಗಣಪತಿ ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಎಂದು ಕ್ಯಾಲೆಂಡರ್ ನೋಡಿದೆ. ಬೊಳ್ಳುವನ್ನು ಎಲ್ಲಿಯೋ ಬಿಟ್ಟು ಬಂದು ನಾನು ಊಟ ಮಾಡಿ ಮಲಗುವುದು ಸಾಧ್ಯವೇ ಇರಲಿಲ್ಲ. ಹೊಡೆದು ಸುಮ್ಮನಾಗಿಸುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಹಟಕ್ಕೆ ಬಿದ್ದೆ.

೧. ನಾಯಿಯ ಶ್ರಾವಣ

ಮಗಳು ಫೋನಿನಲ್ಲಿ ತೋರಿಸಿಕೊಟ್ಟ ಕ್ರಮ ಸುಲಭವಾಗಿತ್ತು. ಬೆಲ್ ಆದಾಗ ನಾಯಿ ಬಾಗಿಲಿಗೆ ಓಡದೆ ತನ್ನ ಚಾಪೆಯ ಮೇಲೆ ಹೋಗಿ ಕುಳಿತರೆ ತಕ್ಷಣ ಬಾಯಿಗೆ ಒಂದು ತುಣುಕು ತಿಂಡಿ. ಬೊಗಳಿದರೆ ಬೈಗುಳ ಇಲ್ಲ, ತಿಂಡಿಯೂ ಇಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳು, ಆದ್ದರಿಂದ ಕೂತುಕೋ ಎನ್ನಲು "ಕುಲ್ಲು" ಎಂದು ಅಭ್ಯಾಸ ಮಾಡಿಸಿದೆ.

ನಾವು ಉಡುಪಿ ಕಡೆಯವರು. ನಾಯಿಗೆ ಆಸೆ ಹುಟ್ಟಿಸುವ ತಿಂಡಿ ಎಂದಾಗ ನನಗೆ ಹೊಳೆದದ್ದು ಒಣ ಸಿಗಡಿ. ತೊಳೆದು, ಹುರಿದು, ಡಬ್ಬಿಯಲ್ಲಿ ತುಂಬಿಟ್ಟೆ. ಅದಕ್ಕಾಗಿ ಬೊಳ್ಳು ಚಾಪೆ ಏನು, ಬಸ್ಕಿ ಹೊಡೆಯಲೂ ತಯಾರಿತ್ತು. ಆದರೆ ಶನಿವಾರ ಬಂತು. ಶನಿವಾರ, ಸೋಮವಾರ ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಅತ್ತೆ ಡಬ್ಬಿಯನ್ನು ಎತ್ತಿ ಕಪಾಟಿನ ಮೇಲಿಟ್ಟರು. ನಾನು ಬಿಸ್ಕಿಟ್ ಹಿಡಿದೆ. ಬೊಳ್ಳು ಅದನ್ನು ಮೂಸಿ, ಮುಖ ತಿರುಗಿಸಿ, ಬಾಗಿಲಿಗೆ ಹೋಗಿ ಮನಸಾರೆ ಬೊಗಳಿತು. ಸೋಮವಾರವೂ ಅದೇ ಕತೆ. ಅಷ್ಟರಲ್ಲಿ ಶ್ರಾವಣವೇ ಶುರುವಾಯಿತು, ಇಡೀ ತಿಂಗಳು ಮೀನಿಲ್ಲ.

"ಒಂದು ಚೂರು ಸಿಗಡಿ ಅತ್ತೆ, ನಾಯಿಗೆ ಮಾತ್ರ" ಎಂದು ಬೇಡಿಕೊಂಡೆ.

"ಎಂತ ನಾಯಿಗೆ ಮಾತ್ರ? ಅದು ಈ ಮನೆಯದ್ದೇ ಅಲ್ವಾ? ಮನೆಯಲ್ಲಿದ್ದ ಮೇಲೆ ಶ್ರಾವಣ ಎಲ್ಲರಿಗೂ ಉಂಟು" ಎಂದರು ಅತ್ತೆ.

ನನಗೆ ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ಅತ್ತೆಯ ಲೆಕ್ಕದಲ್ಲಿ ಅದು ಮನೆಯವರೇ ಆಗಿತ್ತು. ಮರುದಿನ ಅವರು ಕಾಯಿ ತುರಿಯುವಾಗ ಒಂದು ಚೂರು ಕೆಳಗೆ ಬಿತ್ತು. ಬೊಳ್ಳು ಅದನ್ನು ನುಂಗಿ, ಯಾರೂ ಹೇಳದೆ ನೆಟ್ಟಗೆ ಕುಳಿತು, ಇನ್ನೊಂದು ಚೂರಿಗಾಗಿ ಅತ್ತೆಯ ಮುಖ ನೋಡಿತು. ಅಲ್ಲಿಂದ ಮುಂದೆ ನಮ್ಮ ಪಾಠವೆಲ್ಲ ಕಾಯಿಯ ಚೂರಿನಲ್ಲೇ ನಡೆಯಿತು.

ಅತ್ತೆ ಅದರ ತಲೆ ಸವರಿ ಹೇಳಿದರು: "ಶ್ರಾವಣ ಸರಿಯಾಗಿ ಮಾಡುವುದು ಇದೊಂದೇ. ನನ್ನ ಮಗ ಹೊರಗೆ ಮೀನು ತಿಂದು, ಏಲಕ್ಕಿ ಜಗಿದು ಬರ್ತಾನೆ."

೨. ಬಾಗಿಲಾಚೆ ಗಂಡ

ಬೆಲ್ಲಿನ ಪಾಠಕ್ಕೆ ಬೆಲ್ ಒತ್ತುವವರು ಬೇಕಲ್ಲ. ನಮ್ಮವರಿಗೆ ಠಾಣೆ ಊರಿನ ಕೋಪರಿಯಲ್ಲಿ ಸಣ್ಣ ಹೋಟೆಲ್. ಮಧ್ಯಾಹ್ನ ಮನೆಗೆ ಬಂದು ಸ್ವಲ್ಪ ಹೊತ್ತು ಮಲಗುತ್ತಾರೆ. ಅವರನ್ನೇ ಎಬ್ಬಿಸಿದೆ.

"ಕುಳಿತದ್ದಕ್ಕೆ ತಿಂಡಿ ಕೊಡುವುದಾ? ಇದು ಲಂಚ ಮಾರಾಯ್ತಿ" ಎಂದು ಗೊಣಗಿದರು.

"ನಿಮ್ಮ ಹೋಟೆಲಿಗೆ ಬಂದು ಕುಳಿತವರಿಗೆ ನೀವು ಕೊಡುವುದೂ ತಿಂಡಿಯೇ. ಹೋಗಿ ಬೆಲ್ ಒತ್ತಿ" ಎಂದೆ.

ಹೋದರು, ಲುಂಗಿ ಬನಿಯನ್ನಿನಲ್ಲೇ. ಅವರು ಬೆಲ್ ಒತ್ತುವುದು, ಬೊಳ್ಳು ಚಾಪೆಗೆ ಹೋದರೆ ನಾನು ಕಾಯಿಯ ಚೂರು ಕೊಟ್ಟು, ಬಾಗಿಲನ್ನು ಒಂದಿಷ್ಟೇ ತೆರೆದು "ಇನ್ನೊಮ್ಮೆ" ಎಂದು ಮುಚ್ಚುವುದು. ಬೊಳ್ಳು ಬೊಗಳಿದರೆ ಬಾಗಿಲೇ ತೆರೆಯುತ್ತಿರಲಿಲ್ಲ. ದಿನಾ ಮಧ್ಯಾಹ್ನ ಇದೇ ನಡೆಯಿತು.

ಎದುರು ಮನೆಯ ನಿವೃತ್ತ ಮೇಷ್ಟ್ರು ತಮ್ಮ ಬಾಗಿಲಿನ ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದರಂತೆ. ಒಬ್ಬ ಗಂಡಸು ಲುಂಗಿಯಲ್ಲಿ ಹೊರಗೆ ನಿಂತು ತನ್ನ ಮನೆಯ ಬೆಲ್ ಒತ್ತುತ್ತಾನೆ. ಹೆಂಡತಿ ಬಾಗಿಲು ಸಂದಿಯಲ್ಲಿ ಮುಖ ತೋರಿಸಿ ಏನೋ ಹೇಳಿ ಮುಚ್ಚುತ್ತಾಳೆ. ಅವನು ತಲೆ ತಗ್ಗಿಸಿ ಮತ್ತೆ ಒತ್ತುತ್ತಾನೆ. ಕೊನೆಗೆ ಮೇಷ್ಟ್ರು ತಡೆಯಲಾಗದೆ ಹೊರಗೆ ಬಂದು, ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಶೇಠ್, ಹರ್ ಘರ್ ಮೇಂ ಹೋತಾ ಹೈ. ಅಂದರ್ ಆವೋ" ಎಂದು, ಇದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ ಎಂಬ ಸಮಾಧಾನ ಹೇಳಿ ತಮ್ಮ ಮನೆಯೊಳಗೆ ಕರೆದುಕೊಂಡು ಹೋದರು.

ನಾನು ಇತ್ತ ಬೆಲ್ಲಿಗಾಗಿ ಕಾದೆ, ಬೊಳ್ಳು ಕಾಯಿಗಾಗಿ ಕಾಯಿತು. ಬಹಳ ಹೊತ್ತಾದ ಮೇಲೆ ನಮ್ಮವರು ಬಾಯಿ ಒರೆಸುತ್ತ ಬಂದರು. ಸಾಬೂದಾಣಿ ಖಿಚಡಿ, ಚಹಾ ಎರಡೂ ಆಗಿತ್ತು.

"ನಿಜ ಹೇಳಲಿಲ್ಲವಾ ನೀವು?" ಎಂದು ಕೇಳಿದೆ.

"ಎಂತಕ್ಕೆ? ನಾಳೆ ಅವರ ಮನೆಯಲ್ಲಿ ಥಾಲಿಪೀಠವಂತೆ" ಎಂದರು.

೩. ಬಹುಮಾನದ ಡಬ್ಬಿ

ಇದು ಶ್ರಾವಣಕ್ಕಿಂತ ಮೊದಲಿನ ಮಾತು. ಸಾನಪಾಡಾದಲ್ಲಿರುವ ನಾದಿನಿಯ ನಾಯಿಗೂ ಪಾಠ ಹೇಳಲು ಸಿಗಡಿಯ ಡಬ್ಬಿ ಹಿಡಿದು ರೈಲು ಹತ್ತಿದೆ. ಲೇಡೀಸ್ ಬೋಗಿಯಲ್ಲಿ ಉಸಿರಾಡಲು ಜಾಗವಿಲ್ಲ. ನೂಕಾಟಕ್ಕೆ ಚೀಲದೊಳಗೆ ಮುಚ್ಚಳ ಬಿಚ್ಚಿಕೊಂಡಿತು.

ಮೊದಲು ಪಕ್ಕದವಳು ಮೂಗು ಮುಚ್ಚಿದಳು. ಆಮೇಲೆ ಇಡೀ ಸಾಲು. "ಇಸ್ ಮೇಂ ಕ್ಯಾ ಹೈ?" ಎಂದು ಒಬ್ಬಾಕೆ ನನ್ನ ಚೀಲಕ್ಕೆ ಬೆರಳು ತೋರಿಸಿದಳು. ನಾನು ಯಾಕೆ ನಾಚಬೇಕು? ಕದ್ದ ಮಾಲೇನೂ ಅಲ್ಲ.

"ಸಿಖಾತೀ ಹೂಂ ನಾ, ಪಾಠ ಕಲಿಸ್ತೇನಲ್ಲ. ಹೇಳಿದ್ದು ಕೇಳಿದವರಿಗೆ ಕೊಡುವ ಇನಾಮು" ಎಂದು ತಲೆಯೆತ್ತಿ ನನ್ನ ಹಿಂದಿಯಲ್ಲಿ ಹೇಳಿದೆ. ಅವಳು ನನ್ನನ್ನು ಶಾಲೆಯ ಟೀಚರ್ ಎಂದುಕೊಂಡಳು.

"ಅಯ್ಯೋ ಪಾಪ ಮಕ್ಕಳು!" ಎಂದು ಎದ್ದು ಬಾಗಿಲ ಕಡೆ ಹೋದಳು. ಅವಳ ಸೀಟಿನಲ್ಲಿ ನಾನು ಸಾನಪಾಡಾದವರೆಗೆ ಆರಾಮವಾಗಿ ಕುಳಿತು ಹೋದೆ.

೪. ಕಮಿಟಿ ಬಂತು

ಗಣಪತಿ ಹಬ್ಬ ಮುಗಿಯಿತು. ಭಾನುವಾರ ಬೆಳಿಗ್ಗೆ ಬೆಲ್ ಆಯಿತು. ಬೊಳ್ಳು ಎದ್ದಿತು, ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿತು, ನನ್ನ ಮುಖ ನೋಡಿತು, ತಿರುಗಿ ಹೋಗಿ ಚಾಪೆಯ ಮೇಲೆ ಕುಳಿತಿತು. ಅದಕ್ಕೆ ಕಾಯಿಯ ಚೂರು ಕೊಡುವಾಗ ನನ್ನ ಕಣ್ಣು ತುಂಬಿತ್ತು.

ಚೇರ್ಮನ್ನರೂ ಸೆಕ್ರೆಟರಿಯೂ ಒಳಗೆ ಬಂದರು. ಚೇರ್ಮನ್ನರಿಗೆ ನಂಬಿಕೆ ಬರಲಿಲ್ಲ.

"ನಿದ್ದಿ ಗುಳಿಗಿ ಕೊಟ್ಟೀರೇನ್ರಿ?" ಎಂದರು. ತಾವೇ ಹೊರಗೆ ಹೋಗಿ ಬೆಲ್ ಒತ್ತಿದರು. ಬೊಳ್ಳು ಅಲುಗಲಿಲ್ಲ. ಮತ್ತೆ ಒತ್ತಿದರು. ಬೊಳ್ಳು ಆಕಳಿಸಿತು. ಚೇರ್ಮನ್ನರು ಒಳಗೆ ಬಂದು ಕುಳಿತರು.

"ನಾಯಿ ಸುಮ್ಮನಿದೆ ಸಾಹೇಬ್. ಇರಲಿ ಅಂತ ಬರೆದುಬಿಡೋಣ" ಎಂದರು ಸೆಕ್ರೆಟರಿ.

"ಹೆಂಗ್ ಬರೀತೀರಿ? ಇದು ತಿನ್ನೂ ಆಸೆಗೆ ಕುಂತದ, ಶಿಸ್ತಿಗಲ್ಲ!"

"ಯಾವುದಕ್ಕೆ ಕುಳಿತರೆ ನಿಮಗೇನು? ಸದ್ದಿಲ್ಲ, ಸಾಕು."

"ನನಗ ಕಲಸ್ತೀರೇನು? ಪಾರ್ಕಿಂಗಿನ ವಿಷಯದಾಗೂ ಹಿಂಗ ಅಡ್ಡ ಬಂದ್ರಿ ನೀವು!"

ಪಾರ್ಕಿಂಗಿನ ಹೆಸರು ಬಂದದ್ದೇ ತಡ, ಚೇರ್ಮನ್ನರು ಎದ್ದು ನಿಂತರು. ಟೀಪಾಯಿ ಗುದ್ದಿದರು. ಅವರ ಗಂಟಲು ಏರಿದ ರಭಸಕ್ಕೆ ಅತ್ತೆ ದೇವರ ಕೋಣೆಯಿಂದ ಹೊರಗೆ ಬಂದರು. ಸೆಕ್ರೆಟರಿಗೆ ಬಾಯಿ ತೆರೆಯಲೂ ಅವಕಾಶವಿರಲಿಲ್ಲ. ಬೊಳ್ಳು ಮಾತ್ರ ಚಾಪೆಯ ಮೇಲೆ ಕಿವಿ ಮಡಚಿ ಕುಳಿತು, ಇವರಿಗೆ ಯಾರೂ ಏನೂ ಕೊಡುವುದಿಲ್ಲವೇ ಎಂಬಂತೆ ನನ್ನನ್ನೇ ನೋಡುತ್ತಿತ್ತು.

ಆಗ ಮತ್ತೆ ಬೆಲ್ ಆಯಿತು. ಬಾಗಿಲು ತೆರೆದೆ. ಕೆಳಗಿನ ಮನೆಯ ಕಾಕು, ಕೈಯಲ್ಲಿ ಲಟ್ಟಣಿಗೆ. ಒಳಗೆ ಯಾರಿದ್ದಾರೆಂದೂ ನೋಡದೆ ಮರಾಠಿಯಲ್ಲಿ ಶುರು ಮಾಡಿದರು.

"ಇವತ್ತು ತೀರ್ಮಾನ ಆಗಲೇಬೇಕು! ಎಷ್ಟು ಹೊತ್ತಿನಿಂದ ಬೊಗಳ್ತಾ ಇದೆ! ನನ್ನ ತಲೆ ಸಿಡಿದು ಹೋಯ್ತು. ಮೊದಲು ಅದರ ಬಾಯಿ ಕಟ್ಟಿ!"

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ. ಕಾಕು ಚಾಪೆಯ ಮೇಲೆ ಸುಮ್ಮನೆ ಕುಳಿತ ಬೊಳ್ಳುವನ್ನು ನೋಡಿದರು. ಕೈ ಎತ್ತಿ ನಿಂತಿದ್ದ ಚೇರ್ಮನ್ನರನ್ನು ನೋಡಿದರು.

"ಮತ್ತೆ ಬೊಗಳಿದ್ದು ಯಾರು?" ಎಂದು ಕೇಳಿದರು.

ಸೆಕ್ರೆಟರಿ ಕಿಟಕಿಯ ಕಡೆ ತಿರುಗಿದರು. ಚೇರ್ಮನ್ನರು ಎತ್ತಿದ ಕೈ ಇಳಿಸಿ, ಕನ್ನಡಕ ಸರಿಮಾಡಿಕೊಂಡು, ಇಷ್ಟು ವರ್ಷದಲ್ಲಿ ನಾನು ಕೇಳಿರದಷ್ಟು ಮೆಲ್ಲನೆ ಹೇಳಿದರು:

"ಕಾಕೂ, ಮೀಚ್ ಹೋತೋ. ನಾನೇ ಅದು."

ಕಾಕು ಲಟ್ಟಣಿಗೆಯಿಂದ ಮೊದಲು ಬೊಳ್ಳುವನ್ನೂ ಆಮೇಲೆ ಚೇರ್ಮನ್ನರನ್ನೂ ತೋರಿಸಿ ತೀರ್ಪು ಕೊಟ್ಟರು.

"ಹಾಗಾದರೆ ಅದು ಇರಲಿ. ಇವರನ್ನು ಎಲ್ಲಾದರೂ ಬಿಟ್ಟು ಬನ್ನಿ."