ಗಾಡಿ ಎತ್ತಲು ಇಬ್ಬರು ಬೇಕು

ಮನೆಯಲ್ಲೇ ಮೋಟರ್ ಸೈಕಲ್ ಎತ್ತಿ ನಿಲ್ಲಿಸುವುದು ಹೇಗೆ ಎಂದು ಭಾನುವಾರದ ಪುರವಣಿಯಲ್ಲಿ ಬರೆದ ಮಹಾನುಭಾವರಿಗೆ ಮದುವೆಯಾಗಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆಗಿದ್ದರೆ, 'ಸುರಕ್ಷತೆಗಾಗಿ ಇನ್ನೊಬ್ಬರು ಜೊತೆಗಿದ್ದು ಹ್ಯಾಂಡಲ್ ಹಿಡಿದುಕೊಳ್ಳಲಿ' ಎಂಬ ಮಾತನ್ನು ಅವರು ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಆ ಇನ್ನೊಬ್ಬರು ಯಾರು? ಅವರು ನಮ್ಮೊಂದಿಗೆ ಮಾತು ಬಿಟ್ಟು ಎಷ್ಟು ದಿನವಾಯಿತು? ಇದನ್ನೆಲ್ಲ ವಿಚಾರಿಸದೆ ಸಲಹೆ ಕೊಡುವುದು ಯಾವ ನ್ಯಾಯ?

ನಾನು ಗಾಡಿ ಎತ್ತಲು ಹೋದ ದಿನಕ್ಕೆ ನಮ್ಮ ಮನೆಯಲ್ಲಿ ಒಂಬತ್ತು ದಿನ ತುಂಬಿತ್ತು.

ಇದು ನಡೆದದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹೆಸರು ನಂಜೇಶ್. ನನ್ನ ಹೆಂಡತಿ ಸರ್ವಮಂಗಳಾ. (ಹೆಸರಿನಲ್ಲಿ ಸರ್ವವೂ ಮಂಗಳ. ಮಿಕ್ಕಿದ್ದನ್ನು ನಾನು ಹೇಳಬಾರದು.) ಅವಳು ಹೊಲಿಗೆಯಲ್ಲಿ ನಿಪುಣೆ. ಅವಳ ಕೈಯಲ್ಲಿ ರವಿಕೆ ಹೊಲಿಸಿಕೊಳ್ಳಲು ಹುಲ್ಲಹಳ್ಳಿಯಿಂದ ಹೆಂಗಸರು ಬಸ್ಸು ಹತ್ತಿ ಬರುತ್ತಾರೆ. ಟಿ. ನರಸೀಪುರದಲ್ಲಿ ಒಂದು ಮಹಿಳಾ ಸಂಘದವರು ಹೊಲಿಗೆ ತರಬೇತಿ ಕೇಂದ್ರ ತೆರೆಯುತ್ತಾರೆಂದು ತಿಳಿದು, ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆದು ಕಾಗದ ಬರುತ್ತದೆಂದು ಒಂದು ತಿಂಗಳು ಬಾಗಿಲ ಕಡೆಗೇ ಕಿವಿಯಿಟ್ಟುಕೊಂಡು ಹೊಲಿಗೆ ಮಿಷನ್ ತುಳಿದಳು. ಕಾಗದ ಬರಲಿಲ್ಲ. ಆಮೇಲೆ ಒಂದು ದಿನ ಅವಳ ಜೊತೆ ಕಲಿತ ಗೌತಮಿ ಎಂಬಾಕೆ ಸಂತೆಯಲ್ಲಿ ಸಿಕ್ಕಿ, ಸಂದರ್ಶನ ಮುಗಿದು ಹತ್ತು ದಿನವಾಯಿತೆಂದು ಹೇಳಿದಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಶುರುವಾಯಿತು.

"ಅರ್ಜಿ ಹಾಕಿದ ಎಲ್ಲರಿಗೂ ಕಾಗದ ಹಾಕಿದ್ದಾರಂತೆ. ನನ್ನೊಬ್ಬಳಿಗೆ ಬರಲಿಲ್ಲ."

"ಬರಲಿಲ್ಲ ಅಂದ್ರೆ ಬರಲಿಲ್ಲ. ಅದಕ್ಕೆ ನಾನೇನು ಮಾಡ್ಲಿ?"

"ಪೋಸ್ಟ್‌ಮನ್ ನಾಗಯ್ಯನವರು ಹದಿನಾರು ವರ್ಷದಿಂದ ಒಂದು ಕಾಗದ ಕಳೆದವರಲ್ಲ. ನಾನು ಬಚ್ಚಲಲ್ಲಿದ್ರೆ ನಿಮ್ಮ ಕೈಗೆ ಕೊಟ್ಟು ಹೋಗ್ತಾರೆ."

"ಅಂದ್ರೆ? ಏನು ನಿನ್ನ ಮಾತಿನ ಅರ್ಥ?"

"ಅರ್ಥ ನೀವೇ ಹೇಳ್ರೀ. ನಾನು ಬರೀ ಮಾತು ಹೇಳ್ದೆ."

"ನನ್ನ ಮೇಲೆ ಅನುಮಾನ ಇದ್ರೆ ನನ್ನ ಜೊತೆ ಮಾತಾಡ್ಬೇಡ!" ಎಂದು ನಾನು ತಟ್ಟೆ ತಳ್ಳಿ ಎದ್ದೆ. ಗಂಡಸಿನ ಬಾಯಿಂದ ಬರುವ ಇಂಥ ವೀರವಾಕ್ಯಗಳನ್ನು ಹೆಂಡತಿಯರು ಸಾಮಾನ್ಯವಾಗಿ ಕೇಳುವುದಿಲ್ಲ. ನನ್ನವಳು ಜೀವಮಾನದಲ್ಲಿ ಇದೊಂದನ್ನು ಅಕ್ಷರಶಃ ಪಾಲಿಸಿದಳು.

ಅವಳು ಮಾತಾಡದಿದ್ದರೂ ಪಾತ್ರೆಗಳು ಮಾತಾಡುತ್ತಿದ್ದವು. ಲೋಟ ಕುಕ್ಕಿದರೆ ಕಾಫಿ ತಯಾರು, ತಟ್ಟೆ ಎಸೆದರೆ ಊಟ ತಯಾರು, ಬಾಗಿಲು ಬಡಿದರೆ ನಿದ್ರೆಯ ಸಮಯ. ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು.

ಇಂಥ ಯುದ್ಧಕಾಲದಲ್ಲೇ ನನ್ನ ಮೋಟರ್ ಸೈಕಲ್ಲಿನ ನಡುಸ್ಟ್ಯಾಂಡು ಮುರಿಯಿತು. ಅದರ ಜೊತೆಗೆ ಹಿಂದಿನ ಚಕ್ರದಿಂದ ಜೋಳ ಬೀಸುವಂಥ ಸದ್ದು. ಮೆಕ್ಯಾನಿಕ್ ಚಲುವಯ್ಯನ ಹತ್ತಿರ ತಳ್ಳಿಕೊಂಡು ಹೋದೆ. ಅವನು ಬಾಯಿಂದ ಬೀಡಿ ತೆಗೆಯದೆ ಗಾಡಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿ, "ಚಕ್ರ ಬಿಚ್ಚಿ ಗ್ರೀಸ್ ತುಂಬ್ಬೇಕು ಸಾ. ಶನಿವಾರ್ದಗಂಟ ಆಗಾಕಿಲ್ಲ. ನೀವಂತೂ ಕೈ ಹಾಕ್ಬೇಡಿ, ಇದು ಪೆನ್ನಿಡಿಯೋರ ಕೆಲ್ಸ ಅಲ್ಲ" ಎಂದ.

ಪೆನ್ನು ಹಿಡಿಯುವವರ ಕೆಲಸ ಅಲ್ಲವಂತೆ! ಮೊಳೆ ಹೊಡೆಯಲೂ ಬಾರದ ಗಂಡ ಎಂದು ನನ್ನ ಹೆಂಡತಿ ಹದಿಮೂರು ವರ್ಷದಿಂದ ಹೇಳುತ್ತಾ ಬಂದಿದ್ದಳು. ಈಗ ಊರೂ ಹೇಳತೊಡಗಿತೇ? ನಾನೇ ಗಾಡಿ ಎತ್ತಿ, ನಾನೇ ಚಕ್ರ ಬಿಚ್ಚಿ, ಗ್ರೀಸು ಮೆತ್ತಿದ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅವಳು ಬೆರಗಾಗಿ ತಾನಾಗಿ ಬಾಯಿ ಬಿಡುತ್ತಾಳೆ ಎಂದು ಲೆಕ್ಕ ಹಾಕಿದೆ. ಪುರವಣಿಯ ಹಾಳೆ ಕತ್ತರಿಸಿಟ್ಟುಕೊಂಡು ಬುಧವಾರ ಆಫೀಸಿಗೆ ರಜೆ ಹಾಕಿದೆ. ಮೂರನೇ ಮನೆಯ ಟ್ಯಾಕ್ಸಿ ಡ್ರೈವರ್ ಬೆಟ್ಟಯ್ಯನಿಂದ ಕಾರಿನ ಜಾಕಿ ಇಸ್ಕೊಂಡೆ. "ಅನ್ನೊಂದು ಗಂಟ್ಗೆ ಬಾಡ್ಗೆ ಅದೆ ಸಾ, ಅಷ್ಟೊತ್ಗೆ ಬಂದು ತಗಂಡೋಯ್ತೀನಿ" ಎಂದ. ನಾನು ಹೂಂ ಎಂದೆ, ಮರೆತೂಬಿಟ್ಟೆ.

ಬೆಳಗ್ಗೆ ಏಳೂವರೆಗೇ ಹಿತ್ತಿಲಿಗೆ ಇಳಿದೆ. ಒಳಗೆ ರೇಡಿಯೋ ಹಾಡುತ್ತಿತ್ತು. ಹಿತ್ತಿಲ ಬಾಗಿಲು ಎಂದಿನಂತೆ ನನ್ನ ಬೆನ್ನ ಹಿಂದೆ ಧಡಾರನೆ ಮುಚ್ಚಿಕೊಂಡಿತು.

ಹೇಳುತ್ತೇನೆ, ನಾನು ಅವಸರ ಮಾಡಲಿಲ್ಲ. ಪುರವಣಿಯಲ್ಲಿದ್ದ ಒಂದೊಂದು ಮಾತನ್ನೂ ಶಿರಸಾವಹಿಸಿದೆ. ನೆಲ ಗಟ್ಟಿಯಾಗಿ ಸಮವಾಗಿರಬೇಕು ಎಂದಿತ್ತು; ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟು ನೆಲವನ್ನು ಗುಡಿಸಿ ಗಾಡಿ ನಿಲ್ಲಿಸಿದೆ. ಮುಂದಿನ ಚಕ್ರ ಉರುಳಬಾರದು ಎಂದಿತ್ತು. ಹಿಂದೊಂದು ಮುಂದೊಂದು ಇಟ್ಟಿಗೆ ಕೊಟ್ಟು, ಬ್ರೇಕಿನ ಹಿಡಿಯನ್ನು ಹಳೇ ಟ್ಯೂಬಿನ ಚೂರಿನಿಂದ ಬಿಗಿದೆ. ಸೈಲೆನ್ಸರಿಗೆ ಜಾಕಿ ಕೊಡಬಾರದು, ಗಟ್ಟಿಯಾದ ಅಡಿಭಾಗಕ್ಕೇ ಕೊಡಬೇಕು ಎಂದಿತ್ತು. ಎಂಜಿನ್ನಿನ ಕೆಳಗೆ ಹಲಗೆಯಿಟ್ಟು ಅದರಡಿಗೆ ಜಾಕಿ ಕೂರಿಸಿದೆ. ಅತ್ತಿತ್ತ ವಾಲದಂತೆ ಹ್ಯಾಂಡಲಿನ ಒಂದು ಕಡೆಯನ್ನು ಸೀಬೆ ಮರಕ್ಕೂ ಇನ್ನೊಂದು ಕಡೆಯನ್ನು ಬಟ್ಟೆ ಒಣಹಾಕುವ ಕಂಬಕ್ಕೂ ಹಗ್ಗದಲ್ಲಿ ಕಟ್ಟಿದೆ. ಉಳಿದದ್ದು ಕೊನೆಯ ಸಾಲು. ಇನ್ನೊಬ್ಬರು ಜೊತೆಗಿರಲಿ.

ಅದನ್ನು ಓದಿ ಮುಚ್ಚಿದ ಬಾಗಿಲನ್ನು ನೋಡಿದೆ. ಹಾಳೆ ಮಡಚಿ ಜೇಬಿಗಿಟ್ಟೆ.

ಜಾಕಿ ತಿರುಗಿಸಿದೆ. ಗಾಡಿ ಮುಲುಗಿತು, ಅಲುಗಿತು, ಆಮೇಲೆ ಹಿಂದಿನ ಚಕ್ರ ನೆಲ ಬಿಟ್ಟು ಒಂದಂಗುಲ ಮೇಲೆದ್ದಿತು. ನಾನು ಬೆರಳಲ್ಲಿ ಮೀಟಿದರೆ ಚಕ್ರ ಗರಗರ ತಿರುಗಿತು! ಗೋವರ್ಧನ ಗಿರಿ ಎತ್ತಿದವನಿಗಾದರೂ ನೋಡಲು ಇಡೀ ಗೋಕುಲ ಇತ್ತು. ನನಗೆ ಒಂದು ಕಾಗೆ. ತಡೆಯಲಾಗದೆ ಮೂರು ಸಲ ಹಾರ್ನ್ ಒತ್ತಿದೆ. ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋದಲ್ಲಿ ಯಾರೋ ಕಬ್ಬಿನ ಸುಳಿ ಕೊರೆಯುವ ಹುಳುವಿನ ಬಗ್ಗೆ ಮಾತಾಡುತ್ತಿದ್ದರು.

ಕೋಪದಲ್ಲಿ ಚಕ್ರದ ನಟ್ಟಿಗೆ ಪಾನ ಹಾಕಿದೆ. ತುಕ್ಕು ಹಿಡಿದ ನಟ್ಟು ನನ್ನ ಹೆಂಡತಿಯಷ್ಟೇ ಬಿಗಿಯಾಗಿತ್ತು. ಪಾನಕ್ಕೆ ಉದ್ದದ ಪೈಪು ಸಿಕ್ಕಿಸಿ, ಕಲ್ಲಿಗೆ ಕಾಲು ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದೆ. ಆ ಕ್ಷಣದಲ್ಲಿ ಹ್ಯಾಂಡಲ್ ಹಿಡಿಯಲು ಒಬ್ಬರು ಏಕೆ ಬೇಕು ಎಂಬುದು ನನಗೆ ಸಂಪೂರ್ಣ ಅರ್ಥವಾಯಿತು. ಹಲಗೆ ಜಾರಿತು. ಕಂಬ ಬುಡಸಮೇತ ಕಿತ್ತು ಬಂತು. ಗಾಡಿ ನನ್ನನ್ನು ತಬ್ಬಿಕೊಂಡು ಕೆಳಗೆ ಬಿತ್ತು.

ಎಡಗಾಲು ಗಾಡಿಗೂ ಒಗೆಯುವ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ಟ್ಯಾಂಕಿನಿಂದ ಪೆಟ್ರೋಲು ತೊಟ್ಟು ತೊಟ್ಟಾಗಿ ಬನಿಯನ್ನಿನ ಮೇಲೆ ಬೀಳುತ್ತಿತ್ತು. ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಕರೆದರೆ ಸೋತಂತೆ!

ಮೊದಲು ಕೆಮ್ಮಿದೆ. ಗೌರವಯುತವಾದ, ಯಾರನ್ನೂ ಉದ್ದೇಶಿಸದ ಕೆಮ್ಮು. ಆಮೇಲೆ ಪಾನದಿಂದ ಮಡ್‌ಗಾರ್ಡ್ ಬಡಿದೆ. ಕಬ್ಬಿನ ಹುಳು ಮುಗಿದು ಸ್ತ್ರೀಯರ ಕಾರ್ಯಕ್ರಮ ಬಂತು. ಇಷ್ಟು ಸದ್ದು ಕೇಳಿಯೂ ಬಾರದವಳ ಎದೆ ಎಂಥ ಕಲ್ಲಿರಬೇಕು ಎಂದು ಯೋಚಿಸಿದೆ. ಅರ್ಧ ಗಂಟೆ ಅವಳನ್ನು ಬೈದೆ, ಮನಸ್ಸಿನಲ್ಲೇ. ಇನ್ನರ್ಧ ಗಂಟೆಯಲ್ಲಿ ಕಾಲು ನೋಯುವುದು ನಿಂತು ಜೋಮು ಹಿಡಿಯಿತು. ಆಗ ಹೆದರಿದೆ. ಕಾಲು ಹೋದರೆ? ಬೆಂಕಿ ಹತ್ತಿಕೊಂಡರೆ? ನಾನು ಸತ್ತರೂ ಇವಳು ಪಾತ್ರೆ ಕುಕ್ಕಿಯೇ ಬೀದಿಗೆ ತಿಳಿಸುತ್ತಾಳೆಯೇ?

"ಮಂಗಳಾ" ಎಂದೆ. ಮೆಲ್ಲಗೆ.

ಉತ್ತರವಿಲ್ಲ.

"ಲೇ ಮಂಗಳಾ! ನಾನು ಸೋತೆ ಕಣೇ. ಬಾರೇ."

ಇಲ್ಲ. ಆಗ ನನಗೆ ಹೊಳೆಯಿತು: ಅವಳಿಗೆ ಬೇಕಾದದ್ದು ಸೋಲಲ್ಲ, ಸತ್ಯ. ಪೆಟ್ರೋಲಿನ ವಾಸನೆಗೆ ತಲೆ ತಿರುಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಗಂಟಲು ಬಿರಿಯುವಂತೆ ಕೂಗಿ ಹೇಳಿದೆ:

"ಕಾಗದ ಬಂದಿತ್ತು ಕಣೇ! ನಾಗಯ್ಯ ನನ್ನ ಕೈಗೇ ಕೊಟ್ಟ. ನಾನೇ ಆಫೀಸಿನ ಡ್ರಾಯರಿನಲ್ಲಿ ಬಚ್ಚಿಟ್ಟೆ. ನೀನು ಕೆಲಸಕ್ಕೆ ಹೋದ್ರೆ, ಸಾಯಂಕಾಲ ನಾನು ಬರೋ ಹೊತ್ತಿಗೆ ಬಾಗಿಲಿಗೆ ಬೀಗ ಇರುತ್ತೆ ಅಂತ... ನನಗಿಂತ ನಿನಗೇ ಜನ ಜಾಸ್ತಿ ಗೌರವ ಕೊಡ್ತಾರೆ ಅಂತ ಹೊಟ್ಟೆ ಉರಿ ಕಣೇ! ನಾನು ಪಾಪಿ. ತಪ್ಪಾಯ್ತು. ಬಂದು ಗಾಡಿ ಎತ್ತೇ ತಾಯಿ!"

ಹಿತ್ತಿಲ ಗೋಡೆಯ ಆಚೆಯಿಂದ ಯಾರೋ ಮೂಗು ಸೀಟಿದ ಸದ್ದು ಬಂತು. ಆಮೇಲೆ ಪಕ್ಕದ ಮನೆಯ ಜವರಮ್ಮನ ತಲೆ ಗೋಡೆಯ ಮೇಲೆ ಮೂಡಿತು. ಅದರ ಪಕ್ಕದಲ್ಲಿ ಇನ್ನೂ ಮೂರು ತಲೆ. ಎಲ್ಲರ ಕಣ್ಣೂ ಒದ್ದೆ.

"ಅಯ್ಯೋ ಸಾ, ಯಾರ್ನ ಕೂಗ್ತಿದ್ದೀರಿ? ಮಂಗಳಮ್ನೋರು ಎಂಟ್ಗಂಟೆ ಬಸ್ಗೇ ನರಸೀಪುರಕ್ಕೋದ್ರಲ್ಲ!"

"ಮತ್ತೆ ರೇಡಿಯೋ?"

"ಅವಸ್ರದಲ್ಲಿ ಆರಿಸಾದು ಮರ್ತವ್ರೇನೋ."

"ಇಷ್ಟು ಹೊತ್ತು ಕೇಳಿಸ್ಕೊಂಡ್ರಲ್ಲ ಜವರಮ್ಮ, ಯಾಕೆ ಬರಲಿಲ್ಲ?"

"ಬಸ್ ಸಿಗ್ದೆ ತಿರ್ಗ ಬಂದವ್ರೇನೋ, ಗಂಡ ಎಂಡ್ರು ಒಂಬತ್ತು ದಿನದ ಮ್ಯಾಕೆ ಮಾತಾಡ್ತಾವ್ರೆ, ಮದ್ಯಕ್ಕೋಗಿ ಯಾಕ್ ಕೆಡಿಸ್ಲಿ ಅಂದ್ಕಂಡೆ ಸಾ. ಇವ್ರ್ನೂ ಕರೆದೆ, ಎಷ್ಟು ಚೆಂದಾಗಿ ತಪ್ಪೊಪ್ಕತಾವ್ರೆ ಕೇಳ್ರವ್ವ ಅಂತ."

ಅಷ್ಟರಲ್ಲಿ ಸರಿಯಾಗಿ ಹನ್ನೊಂದು ಗಂಟೆಗೆ ಬೆಟ್ಟಯ್ಯ ಗೋಡೆ ಹಾರಿ ಬಂದ. ಮೊದಲು ಜಾಕಿಯನ್ನು ಎತ್ತಿಕೊಂಡು ತಿರುವಿ ನೋಡಿದ, ಆಮೇಲೆ ಗಾಡಿಯನ್ನು ಎತ್ತಿದ, ಕೊನೆಗೆ ನನ್ನನ್ನು. ಇನ್ನೊಂದು ಕಾಲು ಗಂಟೆ ನಾನು ಬಾಯಿ ಮುಚ್ಚಿಕೊಂಡು ಬಿದ್ದಿದ್ದರೆ ಕಾಲೂ ಬಿಡುಗಡೆಯಾಗುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಅವನದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ, ಪಾದದ ಮೂಳೆ ಬಿರುಕು ಬಿಟ್ಟಿದೆ ಎನ್ನಿಸಿಕೊಂಡು, ಮೊಣಕಾಲವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಬಿದ್ದೆ.

ಆ ಹೊತ್ತಿಗೆ ಬೀದಿಯ ತುದಿಯಲ್ಲಿ ಏನು ನಡೆಯಿತೆಂಬುದನ್ನು ಜವರಮ್ಮನೇ ಆಮೇಲೆ ನನಗೆ ಸವಿವರವಾಗಿ ಹೇಳಿದಳು. ಆಕೆಗೆ ಅದನ್ನು ಹೇಳುವುದರಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅದೇ ನೋಡಿ ದೊಡ್ಡ ಕಷ್ಟ.

ಮಂಗಳಾ ಬಸ್ಸಿಳಿದು ಬಂದಳಂತೆ. ಮುಖದಲ್ಲಿ ಹಬ್ಬದ ಕಳೆಯಂತೆ. ನರಸೀಪುರದ ಕೇಂದ್ರದವರು ಕಾಗದ ಹಾಕಿದ್ದೆವು, ಎಲ್ಲೋ ದಾರಿಯಲ್ಲಿ ಕಳೆದಿರಬೇಕು ಎಂದು ಬೇಸರಪಟ್ಟುಕೊಂಡು, ಇವಳಿಂದ ಅಲ್ಲೇ ಒಂದು ರವಿಕೆ ಕತ್ತರಿಸಿ ಹೊಲಿಸಿ ನೋಡಿ, ಆರಿಸಿದ್ದವಳು ಬರುವುದಿಲ್ಲ ಎಂದಿದ್ದರಿಂದ ಕೆಲಸ ಇವಳಿಗೇ ಕೊಟ್ಟಿದ್ದರು. ಇವಳು ನನಗೆ ಇಷ್ಟವೆಂದು ಅರ್ಧ ಕೇಜಿ ಜಹಾಂಗೀರು ಕಟ್ಟಿಸಿಕೊಂಡು ಬಂದಿದ್ದಳು.

"ಕಾಗದ ನಿಜವಾಗ್ಲೂ ಕಳೆದು ಹೋಗಿತ್ತಂತೆ ಜವರಮ್ಮ. ನಾನು ಸುಮ್ಮನೆ ಅವರ ಮೇಲೆ ಅನುಮಾನ ಪಟ್ಟೆ, ಪಾಪ. ಇವತ್ತು ನಾನೇ ಮೊದಲು ಮಾತಾಡಿಸಿಬಿಡ್ತೀನಿ" ಎಂದಳಂತೆ.

ಜವರಮ್ಮನಿಗೆ ಆನಂದವಾಯಿತಂತೆ. ಒಡೆದ ಸಂಸಾರ ಕೂಡುವಾಗ ತನ್ನದೂ ಒಂದು ಕೈ ಇರಲಿ ಎಂದು, "ಇನ್ನೇನ್ರವ್ವ ಮತ್ತೆ! ಅವ್ರೂ ಗಾಡಿ ಕೆಳುಗ್ ಬಿದ್ಕಂಡು ಕಾಗ್ದ ಬಚ್ಚಿಟ್ಟೋನು ನಾನೇ ಅಂತ ಬೀದಿಗೆಲ್ಲ ಕೇಳಂಗೆ ಅತ್ರು. ಅವ್ರದ್ದೂ ಒಳ್ಳೇ ಮನ್ಸು" ಎಂದಳಂತೆ.

ಮಂಗಳಾ ಜಹಾಂಗೀರಿನ ಪೊಟ್ಟಣವನ್ನು ಜವರಮ್ಮನ ಕೈಗಿಟ್ಟು, "ಮಕ್ಕಳಿಗೆ ಕೊಡಿ" ಎಂದು ಹೇಳಿ ಮನೆಗೆ ನಡೆದಳಂತೆ.

ಅವಳು ಒಳಗೆ ಬಂದದ್ದನ್ನು ನಾನು ಕಂಡೆ. ನನ್ನ ಪ್ಲಾಸ್ಟರನ್ನು ನೋಡಿದಳು. ಕಾಲ ಕೆಳಗೆ ಒಂದು ದಿಂಬು ತಂದಿಟ್ಟಳು. ರೇಡಿಯೋ ಆರಿಸಿದಳು. ಲೋಟ ಕುಕ್ಕಲಿಲ್ಲ, ತಟ್ಟೆ ಎಸೆಯಲಿಲ್ಲ, ಬಾಗಿಲು ಬಡಿಯಲಿಲ್ಲ. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ. ಒಂಬತ್ತು ದಿನ ನಡೆದದ್ದು ಜಗಳ. ಇದು ಜಗಳವಲ್ಲ ಎಂದು ನನಗೆ ಗೊತ್ತಾಯಿತು. ಅವತ್ತು ರಾತ್ರಿಯೂ ಮರುದಿನವೂ ತಪ್ಪಾಯ್ತು ಎಂದು ಅವಳ ಮುಖ ನೋಡಿಯೇ ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು.

ಸೋಮವಾರದಿಂದ ಅವಳು ಕೆಲಸಕ್ಕೆ ಹೋಗತೊಡಗಿದಳು. ನಾನು ಆರು ವಾರದ ರಜೆಯಲ್ಲಿ ಮನೆಯಲ್ಲಿದ್ದೆ. ಮೊದಲ ದಿನ ಅವಳು ಏನೂ ತಿನ್ನದೆ ಓಡಿದ್ದನ್ನು ನೋಡಿ, ಮರುದಿನ ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತು ಉಪ್ಪಿಟ್ಟು ಕೆದಕಿ ಡಬ್ಬಿಗೆ ತುಂಬಿಟ್ಟೆ. ತೆಗೆದುಕೊಂಡು ಹೋದಳು. ಸಾಯಂಕಾಲ ಡಬ್ಬಿ ತೊಳೆದುಕೊಂಡು ತಂದಳು. ಹೀಗೆ ಹದಿಮೂರು ದಿನ.

ಹದಿನಾಲ್ಕನೇ ದಿನ ಸಾಯಂಕಾಲ ನಾನು ಜಗಲಿಯಲ್ಲಿ ಪ್ಲಾಸ್ಟರ್ ಕಾಲು ಚಾಚಿಕೊಂಡು ಕೂತಿದ್ದೆ. ಜವರಮ್ಮ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಲಸ ಮುಗಿಸಿ ಬಂದ ಮಂಗಳಾ ನನ್ನಿಂದ ಎರಡಡಿ ದೂರದಲ್ಲಿ ನಿಂತು, ಜವರಮ್ಮನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಜವರಮ್ಮ, ನಿಮ್ಮ ಪಕ್ಕದ ಮನೆಯವರಿಗೆ ಸ್ವಲ್ಪ ಹೇಳಿ. ಇವತ್ತು ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಹಾಕಿದ್ದಾರೆ."

ಜವರಮ್ಮ ನನ್ನ ಕಡೆ ತಿರುಗಿದಳು. "ಕೇಳಿಸ್ತಾ ಸಾ?"

"ಕೇಳಿಸ್ತು. ನಾಳೆಯಿಂದ ಸರಿಯಾಗಿ ಹಾಕ್ತಾರಂತೆ ಅಂತ ಹೇಳಿ."

"ಸರ್ಯಾಗಿ ಆಕ್ತಾರಂತೆ ಕಣ್ರವ್ವ."

ಮಂಗಳಾ ತಲೆಯಾಡಿಸಿ ಒಳಗೆ ಹೋದಳು. ನನಗಾದ ಸಂತೋಷಕ್ಕೆ ಅವತ್ತು ರಾತ್ರಿ ನಿದ್ರೆ ಹತ್ತಲಿಲ್ಲ. ಬೆಳಗ್ಗೆ ಎದ್ದವನೇ ರವೆಯನ್ನು ಹದವಾಗಿ ಹುರಿದು, ಕರಿಬೇವು ಹಾಕಿ, ನಿಂಬೆಹಣ್ಣು ಹಿಂಡಿ, ಡಬ್ಬಿ ತುಂಬಿ ಅವಳ ಚೀಲದಲ್ಲಿ ನಾನೇ ಇಟ್ಟೆ. ಬಸ್ಸು ಹೋದ ಮೇಲೆ ಬಾಣಲೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡಾಗ ಗೊತ್ತಾಯಿತು, ಆ ಸಡಗರದಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದೆ.

ಜವರಮ್ಮನ ಮನೆಗೆ ಹೋಗಿ, ಸಾಯಂಕಾಲ ಎಲ್ಲಿಗೂ ಹೋಗಬೇಡಿ, ಬಾಗಿಲಲ್ಲೇ ಕೂತಿರಿ ಎಂದು ಕೇಳಿಕೊಂಡು ಬಂದೆ.